ಗಾಜಿಗೆ ಕೈ

"ಲಾರಿ ಬರ್ತಿದೆ, ಗಾಜಿಗೆ ಕೈ ಇಡೋ!" ಗಾಡಿ ಓಡಿಸುತ್ತಿದ್ದ ಡೆಲಿಯಾ ಕೂಗಿದಳು. ಪಟಗೋನಿಯಾದ ಜಲ್ಲಿ ರಸ್ತೆಯಲ್ಲಿ ಎದುರಿಗೆ ಗಾಡಿ ಬಂದರೆ ಯಾರಾದರೂ ಮುಂದಿನ ಗಾಜಿಗೆ ಅಂಗೈ ಒತ್ತಿ ಹಿಡಿಯಲೇಬೇಕು. ಹಿಡಿದರೆ ಕಲ್ಲು ಸಿಡಿದರೂ ಗಾಜು ಒಡೆಯುವುದಿಲ್ಲ ಅಂತ ಅಲ್ಲಿಯವರ ನಂಬಿಕೆ. ತಮ್ಮ ಫಾಬಿಯಾನ್ ಮಾತ್ರ ಕೈಕಟ್ಟಿ ಮುಖ ಊದಿಸಿಕೊಂಡು ಕೂತಿದ್ದ. "ಎಲ್ಲಿಗೆ ಹೋಗ್ತಿದೀವಿ ಅಂತ ಮೊದ್ಲು ಹೇಳು, ಆಮೇಲೆ ಇಡ್ತೀನಿ."

"ನಂಗೇನೋ ಗೊತ್ತು? ರಸ್ತೆ ಕವಲೊಡೆದಾಗ ಕೇಳು, ಆಗ ನೋಡೋಣ!"

ಲಾರಿ ಧೂಳೆಬ್ಬಿಸಿ ದಾಟಿತು. ಟಪ್ ಅಂತ ಒಂದು ಕಲ್ಲು ಬಡಿದದ್ದೇ ತಡ, ಗಾಜು ಪೂರ್ತಿ ಬಿರುಕುಬಿಟ್ಟು ಬೆಳ್ಳಗಾಯಿತು, ರಸ್ತೆಯೇ ಕಾಣದು. ಫಾಬಿಯಾನ್ ಕಣ್ಣು ಮುಚ್ಚಿ "ಅಮ್ಮಾ!" ಅಂದ. ಡೆಲಿಯಾ ಗಾಬರಿಯಾಗಲಿಲ್ಲ, ತಟ್ಟನೆ ಬ್ರೇಕ್ ಒತ್ತಲೂ ಇಲ್ಲ. ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆಯ ಅಂಚು ನೋಡಿಕೊಂಡು, ಗಾಡಿಯನ್ನು ಮೆಲ್ಲಗೆ ನಿಲ್ಲಿಸಿದಳು. ಕೊರಳಿನ ಶಾಲನ್ನು ಮುಷ್ಟಿಗೆ ಸುತ್ತಿ ಗಾಜನ್ನು ಗುದ್ದಿ ಗುದ್ದಿ ಹೊರಗೆ ಉದುರಿಸಿದಳು.

"ವಾಪಸ್ ಹೋಗೋಣ್ವಾ, ಅಕ್ಕಾ?"

"ವಾಪಸ್ ಹೋದ್ರೂ ಇದೇ ಗಾಳಿ ಕಣೋ. ಮುಂದೆ ಹೋದ್ರೆ ಹೊಸ ಊರಾದ್ರೂ ಸಿಗುತ್ತೆ." ಗಾಡಿ ಮತ್ತೆ ಹೊರಟಿತು. ಗಾಳಿ ನೇರ ಮುಖಕ್ಕೆ ರಾಚುತ್ತಿತ್ತು. ಡೆಲಿಯಾ ಧೂಳು ಮೆತ್ತಿದ ಹುಬ್ಬಿನಡಿ ಕಣ್ಣು ಕಿರಿದು ಮಾಡಿಕೊಂಡು, ಏನೋ ಹಾಡು ಗುನುಗುತ್ತಿದ್ದಳು. ಇಂಥವಳ ಜೊತೆ ಮುನಿಸಿಕೊಂಡು ಕೂತಿದ್ದೆನಲ್ಲ ಅಂತ ಫಾಬಿಯಾನ್ ಅವಳನ್ನೇ ನೋಡಿದ.

ದೂರದಲ್ಲಿ ಮತ್ತೆ ಧೂಳೆದ್ದಿತು. ಇನ್ನೊಂದು ಲಾರಿ. ಈ ಸಲ ಡೆಲಿಯಾ ಕೂಗುವ ಮೊದಲೇ ಫಾಬಿಯಾನನ ಕೈ ತಾನಾಗಿಯೇ ಮೇಲೆದ್ದಿತು. ಗಾಜೇ ಇಲ್ಲದ ಕಡೆ, ಅವಳಿಗೆ ರಸ್ತೆ ಕಾಣುವಷ್ಟೇ ಸಂದು ಬಿಟ್ಟು, ಅಕ್ಕನ ಮುಖಕ್ಕೆ ಅಡ್ಡವಾಗಿ ಅಂಗೈ ಹಿಡಿದ.