ಗೋಡೆಯ ಕೂಸು

ಪಂಚಾಯ್ತಿ ಕಾರ್ಯದರ್ಶಿ ಚಂದ್ರಶೇಖರ ಸುಣ್ಣದ ಬಕೆಟ್ಟಿಗೆ ಬ್ರಶ್ ಅದ್ದಿ, ಅಂಗನವಾಡಿ ಗೋಡೆಯ ಮೇಲಿನ ಕೆಂಪು ಬಾಟಲಿಯ ಚಿತ್ರಕ್ಕೆ ಮೊದಲ ಪಟ್ಟೆ ಬಳಿದಿದ್ದನಷ್ಟೇ. ಕುರಿಗಾರರ ಓಣಿಯ ಪೀರಮ್ಮ ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡು ಓಡಿಬಂದು ಗೋಡೆಗೆ ಅಡ್ಡ ನಿಂತಳು.

"ಅಳಸಬ್ಯಾಡ್ರಿ ಸಾಹೇಬ್ರ. ನಮ್ ಗುರುಲಿಂಗಗ ಇನ್ನಾ ಗುಣ ಆಗಿಲ್ಲ."

ಚಂದ್ರಶೇಖರನಿಗೆ ರೇಗಿತು. ಮೊದಲೇ ತಡವಾದ ಕೆಲಸ. ಶಾಲೆ, ಅಂಗನವಾಡಿಗಳ ಗೋಡೆಯ ಮೇಲೆ ಬಣ್ಣದ ಪಾನಕ, ಕುರುಕಲು ಪೊಟ್ಟಣಗಳ ಜಾಹೀರಾತು ಇರಕೂಡದು ಎಂದು ಆಷಾಢದಲ್ಲೇ ಪಂಚಾಯ್ತಿ ಠರಾವು ಮಾಡಿತ್ತು. ಸುಣ್ಣವೂ ಬಂದಿತ್ತು. ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ಶುರುವಾಯಿತು. ನಲವತ್ತೆರಡು ದಿನ ಅವನೂ ನಾರಾಯಣಖೇಡದ ಡೇರೆಯಲ್ಲಿ ಕೂತು ಜೈ ತೆಲಂಗಾಣ ಎಂದು ಗಂಟಲು ಹರಿದುಕೊಂಡವನೇ. ನಮ್ಮ ರಾಜ್ಯ ನಮಗೆ ಬೇಡವೆಂದು ಯಾರು ಅಂದಾರು? ಆದರೆ ಪಂಚಾಯ್ತಿಗೆ ಬೀಗ ಬಿತ್ತು, ಒಳಗಿದ್ದ ಸುಣ್ಣಕ್ಕೂ ಬೀಗ ಬಿತ್ತು, ಅಂಗನವಾಡಿಗೂ ಬಿತ್ತು. ಗೋಡೆಯೊಂದೇ ಮುಷ್ಕರ ಹೂಡಿರಲಿಲ್ಲ.

ಇದು ಕಂಪನಿಯವರ ಜಾಹೀರಾತು, ನಿನಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದ. ಪೀರಮ್ಮನಿಗೆ ಅರ್ಥವಾಗಲಿಲ್ಲ. ಅವಳಿಗೆ ಅಕ್ಷರ ಬಾರದು, ಆದರೆ ಈ ಗೋಡೆಯ ಚಿತ್ರಗಳೆಲ್ಲ ಬಾಯಿಪಾಠ. ಗೋಡೆ ಪೋಲಿಯೊದ ಎರಡು ಹನಿ ಹಾಕಿಸು ಎಂದಿತು, ಹಾಕಿಸಿದಳು. ಬೇಳೆ, ತತ್ತಿ ಉಣ್ಣಿಸು ಎಂದಿತು, ದಿನಾ ಬಟ್ಟಲು ಹಿಡಿದು ಕೂಸನ್ನು ಇಲ್ಲಿಗೆ ತಂದಳು. ಮಗ ಸೊಸೆ ಕುರಿ ಹೊಡೆದುಕೊಂಡು ಮಂಜೀರಾ ದಂಡೆಗೆ ಹೋಗಿದ್ದಾರೆ, ಎರಡು ವರ್ಷ ತುಂಬದ ಕೂಸು ಇವಳ ಕೈಯಲ್ಲಿದೆ. ಅಂಗನವಾಡಿ ಮುಚ್ಚಿದ ಮೇಲೆ ಅದು ಸೊರಗಿತು, ಆಮೇಲೆ ಭೇದಿ ಹತ್ತಿತು. ಕೇಳೋಣವೆಂದರೆ ಟೀಚರೂ ಇಲ್ಲ, ನರ್ಸಮ್ಮನೂ ಇಲ್ಲ. ಗೋಡೆಯ ಮುಂದೆ ಬಂದು ನಿಂತಳು. ಅಲ್ಲಿ ದುಂಡನೆಯ ಕೂಸೊಂದು ಕೆಂಪು ಬಾಟಲಿ ಹಿಡಿದು ನಗುತ್ತಿತ್ತು. ಅಂಗಡಿಯಿಂದ ಅದನ್ನೇ ತಂದು ಕುಡಿಸಿದಳು.

"ಎಷ್ಟು ದಿನದಿಂದ ಕುಡ್ಸಲತ್ತಿ, ಯಮ್ಮಾ?" ಚಂದ್ರಶೇಖರನ ದನಿ ಇಳಿದಿತ್ತು.

"ಇಪ್ಪತ್ತು ದಿನ ಆತ್ರಿ. ದಿನಾ ಒಂದು ಬಾಟ್ಲಿಗಿ ಭೇದಿ ನಿಂದರಲಿಲ್ಲ. ಈಗ ಮುಂಜಾನಿ ಒಂದು, ಸಂಜಿಗಿ ಒಂದು ಕುಡ್ಸಲತ್ತೀನಿ."

ಅವನು ಬಗ್ಗಿ ಕೂಸನ್ನು ನೋಡಿದ. ಕೂಸಿನ ಕಣ್ಣು ಒಳಗೆ ಹೋಗಿದ್ದವು, ತುಟಿ ಒಣಗಿತ್ತು, ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಇದು ಸರ್ಕಾರದ ದವಾ ಅಲ್ಲ, ಬರೀ ಸಕ್ಕರೆ ನೀರು, ಇದರಿಂದ ಭೇದಿ ಹೆಚ್ಚೇ ಆಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದ. ಈಗಲೇ ಬೈಕಿನ ಮೇಲೆ ನಾರಾಯಣಖೇಡದ ದವಾಖಾನೆಗೆ ಕರೆದೊಯ್ಯುತ್ತೇನೆ, ಹೊರಡುವ ಮೊದಲು ಇದನ್ನು ಕುಡಿಸು ಎಂದು ಪಕ್ಕದ ಚಿತ್ರ ತೋರಿಸಿದ. ಚಿಟಿಕೆ ಉಪ್ಪು, ಸಕ್ಕರೆ, ಕಾಯಿಸಿ ಆರಿಸಿದ ನೀರು, ಕುಡಿಯುವ ಕೂಸು.

"ಇದು ಖರೇ ಸರ್ಕಾರದ್ದು. ಇದನ್ನ ನಂಬು."

ಪೀರಮ್ಮ ಹತ್ತಿರ ಹೋಗಿ ಆ ಚಿತ್ರ ನೋಡಿದಳು. ತಿರುಗಿ ಬಾಟಲಿಯ ಚಿತ್ರ ನೋಡಿದಳು. ಎರಡು ವರ್ಷದ ಹಿಂದೆ ಕಂಪನಿಯವರು ತಮ್ಮ ಬಾಟಲಿಗೆ ಜಾಗ ಕೊಟ್ಟರೆ ಇಡೀ ಗೋಡೆಗೆ ಪುಕ್ಕಟೆ ಬಣ್ಣ ಹೊಡೆಸುತ್ತೇವೆಂದಾಗ ಹೂಂ ಅಂದವನು ಚಂದ್ರಶೇಖರನೇ. ಪೇಂಟರ್ ಬಾಲರಾಜ ಒಂದೇ ದಿನದಲ್ಲಿ ಸರ್ಕಾರದ್ದೂ ಕಂಪನಿಯದೂ ಎಲ್ಲ ಬರೆದು ಮುಗಿಸಿದ್ದ. ಅವನಿಗೆ ಬರೆಯಲು ಬರುತ್ತಿದ್ದುದು ಒಂದೇ ಕೂಸು. ಎಲ್ಲಿ ಕೂಸು ಬೇಕೋ ಅಲ್ಲೆಲ್ಲ ಅದನ್ನೇ ಕೂರಿಸುತ್ತಿದ್ದ. ಅದೇ ಗುಂಗುರು ಕೂದಲು, ಅದೇ ನಗು, ಗಲ್ಲದ ಮೇಲೆ ಅದೇ ದೃಷ್ಟಿಬೊಟ್ಟು.

"ಎರಡೂ ಒಂದೇ ಕೂಸು ಅದಾವಲ್ರಿ," ಅಂದಳು.

ಚಂದ್ರಶೇಖರ ಬಕೆಟ್ಟನ್ನು ಕಾಲಿಂದ ಸರಿಸಿದ. ತಡ ಮಾಡಬೇಡ, ಬೈಕ್ ತರುತ್ತೇನೆ, ಕೂಸು ಉಳಿಯಬೇಕೋ ಬೇಡವೋ ಎಂದು ಅವಸರಿಸಿದ. ಪೀರಮ್ಮ ಗುರುಲಿಂಗನ ತಲೆಯ ಮೇಲೆ ಸೆರಗು ಎಳೆದಳು.

"ಬ್ಯಾಡ್ರಿ ಸಾಹೇಬ್ರ. ಇಷ್ಟು ದಿನ ನಿಮ್ ಗ್ವಾಡಿ ಮಾತೇ ಕೇಳೀನಿ."

ಹೇಳಿ ಓಣಿಯ ಕಡೆ ನಡೆದುಬಿಟ್ಟಳು. ಚಂದ್ರಶೇಖರ ಬ್ರಶ್ ಬಿಸಾಕಿ ಬೈಕ್ ತೆಗೆದ. ಅವಳ ಮನೆ ಮುಂದೆ ನಿಲ್ಲಿಸಿ, ಇಳಿಯದೆಯೇ ಎರಡು ಸಲ ಹಾರ್ನ್ ಹೊಡೆದ.

ಒಳಗಿನಿಂದ ಅಗಳಿ ಹಾಕಿದ ಸದ್ದು ಬಂತು.