ಹೊಳೆಬೀದಿಯ ತೊಟ್ಟಿಮನೆ

ಹೊಳೆದಂಡೆಯ ಹಳೇಪೇಟೆಯಲ್ಲಿ ಬ್ಯಾಟರಿ ಗಾಡಿ ಓಡಿಸುತ್ತ ಊರು ತೋರಿಸುವ ಚಂದ್ರಕಲಾ ತನ್ನದೇ ಒಂದು ಕಥೆ ಕಟ್ಟಿಕೊಂಡಿದ್ದಳು. ಕೋಟೆ, ಸ್ನಾನಘಟ್ಟ, ಮಂಟಪ ಎನ್ನುವಾಗ ಆಕಳಿಸುತ್ತಿದ್ದ ಜನ ಆ ಕಥೆ ಶುರುವಾದರೆ ನೆಟ್ಟಗೆ ಕೂರುತ್ತಿದ್ದರು.

ಆ ದಿನ ಇಡೀ ಗಾಡಿಯನ್ನು ತಮ್ಮೊಬ್ಬರಿಗೇ ಗೊತ್ತುಮಾಡಿಕೊಂಡು ಬಂದವರು ಒಬ್ಬ ವೃದ್ಧೆ. ಬೀಗ ಬಿದ್ದ ತೊಟ್ಟಿಮನೆಯ ಮುಂದೆ ಚಂದ್ರಕಲಾ ಎಂದಿನಂತೆ ಗಾಡಿ ನಿಧಾನ ಮಾಡಿದಳು.

“ನೋಡಿ ಅಮ್ಮಾ, ಈ ಮನೇಲಿ ಒಬ್ಳು ಅತ್ತೆ ಇದ್ಳಂತೆ, ರಾಕ್ಷಸಿ! ಸೊಸೇನ ಆ ಮಹಡಿ ಕೋಣೇಲಿ ಕೂಡಿ ಹಾಕ್ತಿದ್ಳು. ಒಂದಿನ ಆ ಹುಡುಗಿ ತಪ್ಪಿಸಿಕೊಂಡು ಓಡಿದ್ದು ಸೀದಾ ಹೊಳೆಗೆ.”

ವೃದ್ಧೆ ಬಹಳ ಹೊತ್ತು ಮನೆಯನ್ನೇ ನೋಡಿದರು.

“ಗಾಡಿ ನಿಲ್ಲಿಸಮ್ಮ. ನಾನು ಮದುವೆಯಾಗಿ ಬಂದದ್ದು ಈ ಮನೆಗೇ. ಮಗನಿಗೆ ಹೆಣ್ಣು ತಂದದ್ದೂ ಇಲ್ಲಿಗೇ.”

ಚಂದ್ರಕಲಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾರದೋ ಮನೆಯ ಮಾನವನ್ನು ದಿನಾ ಬೀದಿಯಲ್ಲಿ ಹರಾಜು ಹಾಕುತ್ತಿದ್ದಳಲ್ಲ, ಇವತ್ತು ಆ ಮನೆಯೊಡತಿಯ ಮುಖಕ್ಕೇ ಹೇಳಿದ್ದಳು! ಕೆಳಗಿಳಿದು ಕೈಮುಗಿದಳು.

“ತಪ್ಪಾಯ್ತು ಅಮ್ಮಾ. ಇಲ್ಲಿ ಯಾರಿದ್ರು ಅಂತಾನೇ ನಂಗೊತ್ತಿಲ್ಲ. ಜನ ಇಷ್ಟಪಟ್ಟು ಕೇಳ್ತಾರೆ ಅಂತ ನಾನೇ ಹುಟ್ಟಿಸಿದ ಸುಳ್ಳು. ಈ ಬಾಯಿಂದ ಇನ್ನೊಂದ್ಸಲ ಬರಲ್ಲ. ನಿಮ್ಮ ಸೊಸೆಗೂ ಹೇಳ್ಬೇಡಿ, ನೊಂದ್ಕೋತಾರೆ.”

ವೃದ್ಧೆ ತಲೆ ಎತ್ತಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಮಾತಾಡಿದರು.

“ಮಹಡಿ ಕೋಣೆ ಅಲ್ಲ ಮಗೂ. ನಾನು ಅವಳನ್ನ ಕೂಡಿ ಹಾಕ್ತಿದ್ದದ್ದು ಹಿತ್ತಿಲ ಕೋಣೇಲಿ.”