ನಡುಗಡ್ಡೆಗೆ ಇಳಿದ ಅಜ್ಜಿ

ಅಡಿಕೆ ಹಾಳೆಯ ತಟ್ಟೆಗೆ ಬಿಸಿ ಸಾರು ಬಿದ್ದಾಗ ಏಳುವ ವಾಸನೆಗೆ ನನಗೆ ಇವತ್ತಿಗೂ ಅಜ್ಜಿಯ ಹಾಳೆ ಟೋಪಿ ನೆನಪಾಗುತ್ತದೆ.

ಆಗ ನಾನು ಐದನೇ ಕ್ಲಾಸು. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದು, ನರಸಿಂಹರಾಜಪುರದ ಆಚೆ ಒಂದು ನಡುಗಡ್ಡೆ ಎದ್ದಿತ್ತು. ಅಲ್ಲಿ ಗೂಡು ಮಾಡಿದ್ದ ರೀವ ಎಂಬ ನೀರುಹಕ್ಕಿಗಳ ಮರಿಗಳ ಕಾಲಿಗೆ ಉಂಗುರ ಹಾಕಲು ಬಂದ ಪಕ್ಷಿ ಅಧ್ಯಯನದ ತಂಡವನ್ನು ಸೋದರಮಾವ ದೋಣಿಯಲ್ಲಿ ಕರೆದೊಯ್ದ. ಬಿಸಿಲಿಗೆಂದು ಆ ಟೋಪಿ ಇಟ್ಟುಕೊಂಡು ಅಜ್ಜಿಯೂ ಹಟ ಮಾಡಿ ಹತ್ತಿದಳು, ಅವಳ ಹಿಂದೆ ನಾನು.

ದಡ ಮುಟ್ಟಿದ್ದೇ ತಂಡದ ಕನ್ನಡಕದವರು, “ಅಜ್ಜಿ, ನೀವು ದೋಣಿಯಲ್ಲೇ ಇರಿ. ಹೊರಗಿನವರು ಇಳಿಯೋ ಹಾಗಿಲ್ಲ” ಎಂದರು.

“ಯಾರು ಮಾರಾಯ ಹೊರಗಿನವರು? ಡ್ಯಾಮ್ ಕಟ್ಟೋಕೆ ಮುಂಚೆ ನಾನು ದನ ಕಾಯ್ತಿದ್ದ ಗುಡ್ಡ ಇದು. ನಮ್ಮನೆ ಅಲ್ಲಿ, ನೀರಿನಡಿಗಿದೆ.”

ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ಹಕ್ಕಿಗಳು ಕಿರುಚುತ್ತಾ ಎರಗಿ ಅವಳ ಟೋಪಿಗೆ ಟಪಟಪನೆ ಕುಕ್ಕಿದವು.

“ಕುಕ್ಕಲಿ ಬಿಡಿ. ಮನೆ ಉಳಿಸ್ಕೊಳ್ಳೋಕೆ ಅಷ್ಟಾದ್ರೂ ಮಾಡ್ತಾವಲ್ಲ” ಎಂದಳು.

ಕನ್ನಡಕದವರು ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದು, ಅದರ ಕಾಲಿಗೆ ನಂಬರ್ ಇದ್ದ ಉಂಗುರವನ್ನು ಇಕ್ಕಳದಿಂದ ಒತ್ತಿದರು.

“ಇದು ಎಂತಕ್ಕೆ?” ಅಜ್ಜಿ ಕೇಳಿದಳು.

“ಎಲ್ಲಿಗೆ ಹೋದ್ರೂ ಇದು ಈ ಜಾಗದ್ದೇ ಅಂತ ಗೊತ್ತಾಗೋಕೆ.”

ಅಜ್ಜಿ ಕಾದ ಮಣ್ಣಿನ ಮೇಲೆ ಕೂತು, ಹಿಮ್ಮಡಿ ಒಡೆದ ತನ್ನ ಕಾಲನ್ನು ಅವರ ಮುಂದೆ ಚಾಚಿದಳು.

“ನಂಗೂ ಒಂದು ಹಾಕು, ಮಾರಾಯ.”